ಆದ್ರಣ್ಣನ ನಾಲ್ಕು ಲಿಫ್ಟುಗಳು

ಆದ್ರಣ್ಣನಿಗೆ ತಂದೆತಾಯಿ ಇಟ್ಟ ಹೆಸರು ಬೇರೆಯೇ ಇತ್ತು. ಹಾಜರಿ ಪುಸ್ತಕದಲ್ಲಿ ಅದು ಇದ್ದಿರಬೇಕು. ಆ ಹೆಸರು ಹಿಡಿದು ಅವನನ್ನು ಯಾರಾದರೂ ಕರೆದದ್ದನ್ನು ನಾನಂತೂ ಕೇಳಿಲ್ಲ. ಏನು ಹೇಳಿದರೂ ಅದರ ಬಾಲಕ್ಕೆ ‘ಆದ್ರೂ...’ ಅಂತ ಇನ್ನೊಂದು ಮಾತು ಕಟ್ಟಿ, ಮೊದಲು ಹೇಳಿದ್ದನ್ನು ಬುಡಮೇಲು ಮಾಡುವುದು ಅವನ ಅಭ್ಯಾಸ. ಅದಕ್ಕೇ ಯಾರೋ ಪುಣ್ಯಾತ್ಮರು ‘ಆದ್ರೂ ಅಣ್ಣ’ ಅಂದರು. ಬಾಯಿಂದ ಬಾಯಿಗೆ ಸವೆದು ಆದ್ರಣ್ಣ ಆಯಿತು.

ನಮ್ಮ ಕಚೇರಿ ಇದ್ದದ್ದು ಹನ್ನೊಂದು ಮಹಡಿಯ ಹಳೆಯ ಕಟ್ಟಡದ ಆರನೇ ಮಹಡಿಯಲ್ಲಿ. ನಾನಲ್ಲಿ ಗುಮಾಸ್ತೆ. ಆದ್ರಣ್ಣ ಅದೇ ಕಟ್ಟಡದ ಲಿಫ್ಟ್ ಓಡಿಸುವವನು. ಬೆಳಿಗ್ಗೆ ನನ್ನನ್ನು ಕಂಡರೆ, “ಅಕ್ಕಾವ್ರೇ, ಇವತ್ತು ಸೆಖೆ ಜಾಸ್ತಿ” ಅನ್ನುತ್ತಿದ್ದ. ಮೂರನೇ ಮಹಡಿ ದಾಟುವಷ್ಟರಲ್ಲಿ, “ಆದ್ರೂ ನಿನ್ನೆಗಿಂತ ಪರವಾಗಿಲ್ಲ” ಅನ್ನುತ್ತಿದ್ದ. ಆರನೇ ಮಹಡಿಯಲ್ಲಿ ಬಾಗಿಲು ತೆರೆಯುವ ಹೊತ್ತಿಗೆ, “ಒಂದು ಲೆಕ್ಕದಲ್ಲಿ ತಂಪೇ ಇದೆ ಅನ್ನಬೇಕು” ಎಂದು ನನ್ನನ್ನು ಇಳಿಸುತ್ತಿದ್ದ. ಹನ್ನೊಂದಕ್ಕೆ ಹೋಗುವವರ ಪಾಡು ಏನಾಗುತ್ತಿತ್ತೋ ನನಗೆ ತಿಳಿಯದು. ಸ್ವೆಟರ್ ಹಾಕಿಕೊಂಡು ಇಳಿಯುತ್ತಿದ್ದರೋ ಏನೋ.

ಅವನ ಹೆಂಡತಿ ಮೂರು ಬೀದಿ ಆಚೆಗಿನ ಪ್ರೆಸ್ಸಿನಲ್ಲಿ ಪ್ರೂಫ್ ನೋಡುತ್ತಿದ್ದಳು. ಅಚ್ಚಾಗುವ ಮುಂಚೆ ಪುಟಗಳನ್ನು ಓದಿ, ತಪ್ಪು ಕಂಡಲ್ಲಿ ಕೆಂಪು ಶಾಯಿಯಿಂದ ಗೀಚುವ ಕೆಲಸ. ಆದ್ರಣ್ಣ ಅವಳನ್ನು ಪ್ರೂಫಮ್ಮ ಅನ್ನುತ್ತಿದ್ದ, ನಾವೂ ಹಾಗೇ ಅನ್ನುತ್ತಿದ್ದೆವು. ಒಮ್ಮೆ ಆಡಿದ ಮಾತು ಪ್ರೂಫಮ್ಮನ ಮಟ್ಟಿಗೆ ಅಚ್ಚಾದ ಪುಟ. ತಾನೂ ಬದಲಿಸಳು, ಬೇರೆಯವರು ಬದಲಿಸಿದರೆ ಬಿಡಳು. ಇಂಥ ಇಬ್ಬರು ಹೇಗೆ ಗಂಟುಬಿದ್ದರು ಅಂತ ಕೇಳಿದರೆ ಅವಳೇ ಹೇಳುತ್ತಿದ್ದಳು:

“ಪ್ರೆಸ್ಸಿನ ಮೂರನೇ ಮಹಡಿಗೆ ಬಂದಿದ್ರು. ಮದುವೆ ಆಗೋಣವಾ ಅಂತ ನಾನೇ ಕೇಳಿದೆ. ‘ಬೇಡ’ ಅಂದು ಇಳಿದು ಹೋದ್ರು. ನಾಲ್ಕು ನಿಮಿಷ ಬಿಟ್ಟು ಏದುಸಿರು ಬಿಡ್ತಾ ಹತ್ತಿ ಬಂದು ‘ಆದ್ರೂ ಆಗೋಣ’ ಅಂದ್ರು. ಆವತ್ತು ಗುರುವಾರ, ನಾಲ್ಕೂ ಹತ್ತು. ಬೇಡ ಅಂದಿದ್ದು ನಾಲ್ಕೂ ಆರಕ್ಕೆ. ಎರಡೂ ನನಗೆ ನೆನಪಿದೆ.”

“ಮೆಟ್ಟಿಲು ಇಳೀತಾ ಇಳೀತಾ ಯೋಚನೆ ತಿರುಗ್ತು ಅಕ್ಕಾವ್ರೇ,” ಅನ್ನುತ್ತಿದ್ದ ಆದ್ರಣ್ಣ, ತಪ್ಪು ಮಾಡಿದವನ ಹಾಗೆ. “ಅಲ್ಲಿ ಲಿಫ್ಟ್ ಇರಲಿಲ್ಲ, ಅದು ಒಳ್ಳೇದೇ ಆಯ್ತು.”

ಆಗೆಲ್ಲ ನಮ್ಮ ಕಟ್ಟಡದಲ್ಲಿ ನಾಲ್ಕು ಲಿಫ್ಟು, ನಾಲ್ಕು ಜನ. ಪ್ರತಿಯೊಬ್ಬನಿಗೂ ಒಂದು ಸ್ಟೂಲು, ಒಂದು ಹಿತ್ತಾಳೆಯ ಹಿಡಿ, ಒಂದು ಕಂಬಿಬಾಗಿಲು. ಯಾವುದೋ ಮಹಡಿಯಲ್ಲಿ ಗುಂಡಿ ಒತ್ತಿದರೆ ನಾಲ್ಕೂ ಲಿಫ್ಟಿನಲ್ಲಿ ಆ ಮಹಡಿಯ ದೀಪ ಹತ್ತುತ್ತಿತ್ತು. ಯಾರು ಹೋಗಬೇಕು ಅಂತ ಹೇಳುವ ಯಜಮಾನ ಅಲ್ಲಿರಲಿಲ್ಲ. ನಾಲ್ವರೂ ಸಮ. ಲಿಫ್ಟುಗಳ ನಡುವೆ ಇದ್ದದ್ದು ಕಂಬಿಯ ತಡಿಕೆ ಮಾತ್ರ, ಹಾಗಾಗಿ ಕೂಗಿದರೆ ಕೇಳುತ್ತಿತ್ತು. ಕೂಗಿಯೇ ಒಪ್ಪಂದ ಮಾಡಿಕೊಳ್ಳುತ್ತಿದ್ದರು.

“ಏಳಕ್ಕೆ ನಾನು!” ಅಂತ ಒಬ್ಬ. “ಎರಡಕ್ಕೆ ನಾನು!” ಅಂತ ಇನ್ನೊಬ್ಬ. ಆಮೇಲೆ ಆದ್ರಣ್ಣನ ದನಿ: “ಒಂಬತ್ತಕ್ಕೆ ನಾನು... ಆದ್ರೂ ತಡಿ, ನಿನ್ನ ಲಿಫ್ಟ್ ಎಂಟರಲ್ಲೇ ಇದೆಯಲ್ಲ, ನೀನೇ ಹೋಗು, ನಾನು ಐದಕ್ಕೆ.” ಉಳಿದ ಮೂವರು ಅವನಿಗೆ ಬಾಯಿಗೆ ಬಂದಂತೆ ಬೈಯುತ್ತಿದ್ದರು. ಬೈದುಕೊಂಡೇ ಹೋಗುತ್ತಿದ್ದರು. ಒಂದೇ ಮಹಡಿಗೆ ಎರಡು ಲಿಫ್ಟು ಬಂದು ನಿಂತು ಮುಖಮುಖ ನೋಡಿಕೊಂಡದ್ದನ್ನು ನಾನು ಆ ವರ್ಷಗಳಲ್ಲಿ ಕಾಣಲೇ ಇಲ್ಲ.

ಆಮೇಲೆ ಹೊಸ ಲಿಫ್ಟು ಬಂತು. ಹಿತ್ತಾಳೆಯ ಹಿಡಿ ಹೋಯಿತು, ಸ್ಟೂಲು ಹೋಯಿತು, ಮೂವರು ನಿವೃತ್ತರಾದರು. ಆದ್ರಣ್ಣನಿಗೆ ಇನ್ನೂ ಮೂರು ವರ್ಷ ಬಾಕಿ ಇದ್ದದ್ದರಿಂದ ಅವನನ್ನು ‘ಲಿಫ್ಟ್ ಮೇಲ್ವಿಚಾರಕ’ ಮಾಡಿ ಕೆಳಗಿನ ಹಜಾರದಲ್ಲಿ ಕೂರಿಸಿದರು. ಕಟ್ಟಡದ ಮ್ಯಾನೇಜರ್ ಸಾಹೇಬರು ನಮ್ಮನ್ನೆಲ್ಲ ಹಜಾರಕ್ಕೆ ಕರೆದು ಭಾಷಣ ಮಾಡಿದರು.

“ಪ್ರತಿ ಲಿಫ್ಟಿಗೂ ಅದರದ್ದೇ ಕಂಪ್ಯೂಟರು. ಇದರಲ್ಲಿ ಹೆಡ್ಡು ಅಂತ ಯಾವುದೂ ಇಲ್ಲ. ನಾಲ್ಕೂ ತಂತಿಯಲ್ಲಿ ಮಾತಾಡಿಕೊಂಡು ತಾವೇ ಒಪ್ಪಂದಕ್ಕೆ ಬರ್ತವೆ. ಒಂದು ಕೆಟ್ಟರೂ ಉಳಿದವು ನಡೀತವೆ.”

“ಮುಂಚೆನೂ ಹಾಗೇ ಇತ್ತಲ್ಲ ಸಾರ್,” ಅಂದ ಆದ್ರಣ್ಣ.

“ಮುಂಚೆ ನೀವು ಕೂಗಾಡ್ತಿದ್ರಿ. ಇವು ಕೂಗಾಡಲ್ಲ.”

ಅದು ನಿಜ. ಅವು ಸದ್ದಿಲ್ಲದೆ ಕೈಕೊಟ್ಟವು. ಮೊದಲ ಸೋಮವಾರವೇ ನಾಲ್ಕೂ ಲಿಫ್ಟು ನೆಲಮಹಡಿಯಲ್ಲಿ ಬಾಗಿಲು ತೆರೆದುಕೊಂಡು ನಿಂತುಬಿಟ್ಟವು. ಮೇಲಿನ ಮಹಡಿಗಳಲ್ಲೆಲ್ಲ ಜನ ಗುಂಡಿ ಒತ್ತಿ ಒತ್ತಿ ಸುಸ್ತಾದರು. ಜಪ್ಪಯ್ಯ ಅಂದರೂ ಒಂದೂ ಕದಲಲಿಲ್ಲ. ಕಂಪನಿಯವರು ಬಂದು ಏನೋ ತಿರುವಿ ಹೋದರು. ಬುಧವಾರ ನಾಲ್ಕೂ ಒಟ್ಟಿಗೇ ಒಂಬತ್ತನೇ ಮಹಡಿಗೆ ಹೋದವು. ಅಲ್ಲಿ ನಿಂತಿದ್ದವರು ಒಬ್ಬರೇ, ವಯಸ್ಸಾದ ವಕೀಲರು. ಎದುರಿಗೆ ನಾಲ್ಕು ಬಾಗಿಲೂ ಒಮ್ಮೆಲೇ ತೆರೆದದ್ದನ್ನು ಕಂಡು ಬೆಪ್ಪಾಗಿ, ಯಾವುದಕ್ಕೆ ಕಾಲಿಡಬೇಕೆಂದು ಮೀನಮೇಷ ಎಣಿಸುತ್ತಿರುವಾಗಲೇ ನಾಲ್ಕೂ ಮುಚ್ಚಿಕೊಂಡವು. ವಕೀಲರು ಮೆಟ್ಟಿಲಿಳಿದು ಬಂದು, ಇದು ತಮಗಾದ ಅವಮಾನವೆಂದು ಮ್ಯಾನೇಜರಿಗೆ ಎರಡು ಪುಟದ ನೋಟಿಸು ಕೊಟ್ಟರು.

ನೋಟಿಸಿನ ಬಿಸಿಗೆ ಕಂಪನಿಯವರು ಈ ಸಲ ಒಬ್ಬ ಇಂಜಿನಿಯರ್ ಹುಡುಗಿಯನ್ನು ಕಳಿಸಿದರು. ಬೆನ್ನಿಗೊಂದು ಚೀಲ, ಕೊರಳಿಗೆ ಕನ್ನಡಕ, ಕಣ್ಣ ಕೆಳಗೆ ನಿದ್ದೆಗೆಟ್ಟ ಕಪ್ಪು. ನಾಲ್ಕು ದಿನ ಚಾವಣಿಯ ಮೋಟಾರು ಕೋಣೆಯಲ್ಲಿ ಲ್ಯಾಪ್‌ಟಾಪ್ ತೊಡೆಯ ಮೇಲಿಟ್ಟುಕೊಂಡು ಕೂತಳು. ಆದ್ರಣ್ಣ ಹೊತ್ತುಹೊತ್ತಿಗೆ ಟೀ ಒಯ್ದು ಕೊಟ್ಟ. ಐದನೇ ದಿನ ಕೇಳಿದ: “ಏನು ಕಾಯಿಲೆ ತಾಯಿ ಇವಕ್ಕೆ?”

“ಮಾತು ತಿರುಗಿಸೋಕೆ ಬರಲ್ಲ ಅಣ್ಣ,” ಅಂದಳು ಅವಳು. “ಒಂದು ಲಿಫ್ಟು ‘ಏಳಕ್ಕೆ ನಾನು’ ಅಂತ ಒಮ್ಮೆ ಹೇಳಿದ್ರೆ ಮುಗೀತು, ಬದಲಿಸೋ ಹಾಗಿಲ್ಲ. ಅಷ್ಟರಲ್ಲಿ ಒಳಗಿರೋರು ಯಾರೋ ಮೂರು ಒತ್ತಿರ್ತಾರೆ. ಇನ್ನೊಂದೂ ಏಳಕ್ಕೆ ನಾನು ಅಂದಿರುತ್ತೆ. ಎರಡೂ ಪಟ್ಟು ಬಿಡಲ್ಲ. ನಾಲ್ಕೂ ಒಪ್ಪದೆ ಯಾವುದೂ ಹೊರಡೋ ಹಾಗಿಲ್ಲ. ಮತ್ತೆ ಮೊದಲಿಂದ ಶುರು. ಮತ್ತೆ ಅದೇ.”

ಆದ್ರಣ್ಣ ಗೋಡೆಗೆ ಒರಗಿ ಕೂತ. “ಈ ನಿಯಮ ನನ್ನ ಹೆಂಡತಿ ಬರೆದ ಹಾಗಿದೆಯಲ್ಲ!”

“ನಾನು ಬರೆದಿದ್ದು,” ಅಂದಳು ಹುಡುಗಿ, ಸ್ವಲ್ಪ ಮುಖ ಗಂಟಿಕ್ಕಿಕೊಂಡು. ಆಮೇಲೆ ನಕ್ಕಳು. “ಸರಿ, ನೀವೆಲ್ಲ ಹೇಗೆ ಮಾಡ್ತಿದ್ರಿ?”

ಇಷ್ಟು ವರ್ಷ ಯಾರೂ ಕೇಳದ ಪ್ರಶ್ನೆ. ಆದ್ರಣ್ಣ ನೆಟ್ಟಗೆ ಕೂತನಂತೆ. ವಿವರಿಸಲು ಹೋದ. ಹೀಗೆ ಅಂದ, ಆದ್ರೂ ಹಾಗಲ್ಲ ಅಂದ, ಒಂದು ಲೆಕ್ಕದಲ್ಲಿ ಹೀಗೇ ಅಂದ. ಹುಡುಗಿಗೆ ತಲೆಬುಡ ತಿಳಿಯಲಿಲ್ಲ. “ಹೇಳೋದು ಬೇಡ ಅಣ್ಣ, ಆಡಿ ತೋರಿಸಿ. ನಾಲ್ಕು ಜನ ಸಿಗ್ತಾರಾ?” ಅಂದಳು.

ಹಳೆಯ ಮೂವರು ಎಲ್ಲೆಲ್ಲೋ ಇದ್ದರು. ಹಾಗಾಗಿ ಆ ಭಾನುವಾರ ಖಾಲಿ ಹಜಾರದಲ್ಲಿ ನಾಲ್ಕು ಕುರ್ಚಿ ಹಾಕಿ ಲಿಫ್ಟುಗಳಾಗಿ ಕೂತವರು ನಾವು. ಒಂದನೇ ಲಿಫ್ಟು ಆದ್ರಣ್ಣ. ಎರಡನೆಯದು ಪ್ರೂಫಮ್ಮ. ರಜಾ ದಿನ ಗಂಡ ಎಲ್ಲಿಗೆ ಹೊರಟ ಅಂತ ನೋಡಲು ಜೊತೆಗೇ ಬಂದಿದ್ದಳು. ಮೂರನೆಯದು ಮ್ಯಾನೇಜರ್ ಸಾಹೇಬರು. ನಾಲ್ಕನೆಯದು ನಾನು, ಆದ್ರಣ್ಣ ಬೇಡಿಕೊಂಡದ್ದಕ್ಕೆ. ಎರಡು, ಐದು, ಏಳು, ಒಂಬತ್ತು ಈ ನಾಲ್ಕು ಮಹಡಿಯಲ್ಲಿ ಜನ ಕಾಯುತ್ತಿದ್ದಾರೆ, ಒಬ್ಬೊಬ್ಬರು ಒಂದೊಂದಕ್ಕೆ ಹೋಗಬೇಕು ಅಂತ ಇಂಜಿನಿಯರ್ ಹುಡುಗಿ ಹೇಳಿದಳು. ಮೊದಲ ಆಟಕ್ಕೆ ಈಗಿರುವ ನಿಯಮ: ಆಡಿದ ಮಾತು ಬದಲಿಸುವಂತಿಲ್ಲ.

“ಏಳಕ್ಕೆ ನಾನು,” ಅಂದಳು ಪ್ರೂಫಮ್ಮ.

“ಏಳಕ್ಕೆ ನಾನು,” ಅಂದರು ಮ್ಯಾನೇಜರು, ಅದೇ ಉಸಿರಿನಲ್ಲಿ.

ಮತ್ತೆ ಶುರು ಮಾಡಿದೆವು. ಮತ್ತೆ ಇಬ್ಬರೂ ಏಳು. ಏಳನೇ ಸಲವೂ ಏಳು. ಮ್ಯಾನೇಜರ ಕುತ್ತಿಗೆ ಕೆಂಪಾಯಿತು.

“ನೋಡೀಮ್ಮ, ನಾನು ಈ ಕಟ್ಟಡದ ಮ್ಯಾನೇಜರು.”

“ನೀವು ಮೂರನೇ ಲಿಫ್ಟು ಸಾರ್,” ಅಂದಳು ಹುಡುಗಿ. “ಇಲ್ಲಿ ಎಲ್ಲರೂ ಸಮ.”

“ನಾನು ಮೊದಲು ಹೇಳಿದ್ದು,” ಅಂದಳು ಪ್ರೂಫಮ್ಮ. “ಅಕ್ಷರ ಬದಲಾಗಲ್ಲ.”

ಎರಡನೇ ಆಟಕ್ಕೆ ಹುಡುಗಿ ನಿಯಮವನ್ನೇ ಕಿತ್ತುಹಾಕಿದಳು. ಯಾರು ಎಷ್ಟು ಸಲ ಬೇಕಾದರೂ ಮಾತು ಬದಲಿಸಬಹುದು. ಆದ್ರಣ್ಣನ ಮುಖ ಅರಳಿತು. ಮೊದಲಿಗೆ ಅವನು ಎರಡು ಅಂದ, ನಾನು ಐದು ಅಂದೆ, ಉಳಿದಿಬ್ಬರು ಎಂದಿನಂತೆ ಏಳು. ಮ್ಯಾನೇಜರು ದೊಡ್ಡ ಮನಸ್ಸು ಮಾಡಿ “ಹೋಗ್ಲಿ, ಒಂಬತ್ತಕ್ಕೆ ಹೋಗ್ತೀನಿ” ಅಂದರು. ಅದೇ ಗಳಿಗೆಯಲ್ಲಿ ಆದ್ರಣ್ಣ, “ಆದ್ರೂ ಒಂಬತ್ತು ದೂರ, ನಾನೇ ಹೋಗ್ತೀನಿ” ಅಂದುಬಿಟ್ಟ. ಹಾಗಾದರೆ ಎರಡು ಖಾಲಿಯಾಯಿತಲ್ಲ ಅಂತ ನಾನು ಎರಡು ಅಂದೆ. ಅಷ್ಟರಲ್ಲಿ ಮ್ಯಾನೇಜರೂ ಎರಡು ಅಂದಿದ್ದರು. “ನೀವು ಹೋಗಿ ಸಾರ್”, “ಛೆ ಛೆ, ನೀವು ಹೋಗಿ”, “ಆದ್ರೂ ನಾನು ಹೋದ್ರೆ ಹೇಗೆ?” ಹೀಗೇ ಇಪ್ಪತ್ತು ನಿಮಿಷ. ಕೊನೆಗೆ ಯಾರು ಎಲ್ಲಿಗೆ ಅಂತ ದೇವರಿಗೂ ತಿಳಿಯದ ಸ್ಥಿತಿ. ಪ್ರೂಫಮ್ಮ ಮಾತ್ರ ಏಳರಲ್ಲೇ ಕೂತಿದ್ದಳು.

ಹುಡುಗಿ ಎರಡೂ ಕೈಯಲ್ಲಿ ತಲೆ ಹಿಡಿದುಕೊಂಡಳು. “ಬದಲಿಸಬೇಡಿ ಅಂದ್ರೆ ನಿಲ್ತೀರಿ. ಬದಲಿಸಿ ಅಂದ್ರೆ ಮುಗಿಯೋದೇ ಇಲ್ಲ.”

“ಮುಗಿದಿತ್ತಲ್ಲ,” ಅಂದಳು ಪ್ರೂಫಮ್ಮ.

“ಯಾವಾಗ?”

“ಆಗಲೇ. ಇವರು ಎರಡು ಅಂದಿದ್ರು. ನಾನು ಏಳು. ಮ್ಯಾನೇಜರು ಒಂಬತ್ತು ಅಂದ್ರು. ಈ ಅಕ್ಕಾವ್ರು ಐದು. ನಾಲ್ಕಕ್ಕೂ ಜನ ಸಿಕ್ಕಿದ್ರು. ಮ್ಯಾನೇಜರ ಮಾತು ಕಿವಿಗೆ ಬೀಳೋ ಮುಂಚೆ ಇವರು ಆದ್ರೂ ಅಂದ್ರು. ಒಪ್ಪಂದ ಆಗಿದ್ದು ಯಾರಿಗೂ ಗೊತ್ತಾಗದೆ ದಾಟಿಹೋಯ್ತು. ಬೇಕಾದ್ರೆ ಪೂರ್ತಿ ಹೇಳ್ತೀನಿ.” ಹೇಳಿಯೂ ಬಿಟ್ಟಳು. ಇಪ್ಪತ್ತು ನಿಮಿಷದಲ್ಲಿ ಯಾರು ಯಾವಾಗ ಏನೆಂದರು ಅನ್ನುವುದನ್ನೆಲ್ಲ ಉಸಿರು ಬಿಡದೆ ಒಪ್ಪಿಸಿದಳು. ಆಮೇಲೆ ಇನ್ನೂ ಎರಡು ಕಡೆ ನಮ್ಮೆಲ್ಲರ ಮಾತು ಕೂಡಿತ್ತಂತೆ. ಎರಡು ಸಲವೂ ಗಮನಿಸದೆ ದಾಟಿದ್ದೆವು.

ಹುಡುಗಿ ಎದ್ದು ನಿಂತಳು. ಅವಳು ಕೂತಿದ್ದ ಕುರ್ಚಿ ಹಿಂದಕ್ಕೆ ಬಿತ್ತು. ಗೋಡೆಯ ಕ್ಯಾಲೆಂಡರಿನ ಹಳೆಯ ಹಾಳೆಯೊಂದನ್ನು ಮ್ಯಾನೇಜರ ಎದುರೇ ಹರಿದುಕೊಂಡು ಅದರ ಬೆನ್ನಿಗೆ ಬರೆಯತೊಡಗಿದಳು.

“ಬದಲಿಸಬಹುದು. ಆದ್ರೆ ಎಲ್ಲರೂ ಹೇಳಿದ್ದೆಲ್ಲ ಎಲ್ಲರಿಗೂ ನೆನಪಿರಬೇಕು. ಮೂರು ಸುತ್ತಲ್ಲಿ ಮಾತು ಕೂಡಲಿಲ್ಲ ಅಂದ್ರೆ ಹೊಸದು ಹೇಳೋದು ನಿಲ್ಲಿಸಿ ಹಿಂದಕ್ಕೆ ನೋಡಬೇಕು. ಎಲ್ಲರ ಮಾತೂ ಕೂಡಿದ್ದ ಜಾಗ ಇದ್ರೆ ಅಲ್ಲಿಗೇ ವಾಪಸ್.” ಆದ್ರಣ್ಣನ ಕಡೆ ತಿರುಗಿದಳು. “ಅಣ್ಣ, ನೀವು ಯಾವಾಗ ಬೇಕಾದ್ರೂ ಮಾತು ತಿರುಗಿಸ್ತಿದ್ರಾ?”

“ಅಯ್ಯೋ ಇಲ್ಲ ತಾಯಿ. ಬಾಗಿಲು ಮುಚ್ಚಿದ ಮೇಲೆ ಇಲ್ಲ. ಒಳಗೆ ಯಾರಾದ್ರೂ ಹತ್ತಿ ‘ಮೂರಕ್ಕೆ’ ಅಂದಿದ್ರೆ, ಹಿಂದಿನ ಮಾತಿಗೆ ಹೋಗೋಕಾಗಲ್ಲ, ಆ ದಾರಿ ಬಂದ್.”

“ಯಾರಾದ್ರೂ ಸುಮ್ನೆ ಇದ್ರೆ? ಏನೂ ಹೇಳದೆ?”

“ಒಬ್ಬನಿಗೆ ಕೂತಲ್ಲೇ ತೂಕಡಿಸೋ ಚಾಳಿ ಇತ್ತು. ಎರಡು ಸಲ ಕೂಗ್ತಿದ್ವಿ. ಏಳಲಿಲ್ಲ ಅಂದ್ರೆ ಉಳಿದ ಮೂವರೇ ಹಂಚಿಕೊಳ್ತಿದ್ವಿ.”

ಅವಳು ಬರೆದದ್ದು ಹಾಳೆಯ ಅಂಚು ದಾಟಿ ಮೇಜಿನ ಮೇಲೂ ಮೂಡಿತು.

“ಅಲ್ರೀ,” ಅಂದರು ಮ್ಯಾನೇಜರು, ಬಹಳ ಹೊತ್ತು ಯೋಚಿಸಿ, “ಕೊನೆಗೆ ತೀರ್ಮಾನ ಮಾಡೋರು ಯಾರು?”

“ಯಾರೂ ಮಾಡಲ್ಲ ಸಾರ್. ಆಗುತ್ತೆ.”

ಸಾಹೇಬರಿಗೆ ಅದು ರುಚಿಸಲಿಲ್ಲ. ಆದರೆ ಮೂರನೇ ಆಟ ಎರಡೇ ನಿಮಿಷಕ್ಕೆ ಮುಗಿಯಿತು. ಪ್ರೂಫಮ್ಮ ಆ ದಿನ ಮೊದಲ ಸಲ ಏಳನ್ನು ಬಿಟ್ಟು ಎರಡಕ್ಕೆ ಹೋದಳು. ಯಾಕೆ ಅಂತ ಕೇಳಿದ್ದಕ್ಕೆ, “ಬದಲಿಸಬಹುದು ಅಂತ ನಿಯಮದಲ್ಲೇ ಬರೆದಿದೆಯಲ್ಲ” ಅಂದಳು.

ಎರಡು ವಾರದಲ್ಲಿ ಹೊಸ ಏರ್ಪಾಡು ಲಿಫ್ಟುಗಳೊಳಗೆ ಕೂತಿತು. ಕೆಲಸ ಚೆನ್ನಾಗಿಯೇ ನಡೆಯಿತು. ಮೂರನೇ ಲಿಫ್ಟಿನ ತಂತಿಯನ್ನು ಇಲಿ ಕಡಿದ ದಿನ ಉಳಿದ ಮೂರೂ ಅದನ್ನು ಎರಡು ಸಲ ಕೂಗಿ ನೋಡಿ, ಮಹಡಿಗಳನ್ನು ತಮ್ಮೊಳಗೇ ಹಂಚಿಕೊಂಡವು. ಸಂಜೆಯವರೆಗೂ ಯಾರಿಗೂ ಗೊತ್ತಾಗಲಿಲ್ಲ. ಆದ್ರಣ್ಣ ಹಜಾರದಲ್ಲಿ ಕೂತು ಬಾಗಿಲ ಮೇಲಿನ ಅಂಕಿಗಳನ್ನು ನೋಡುತ್ತಿದ್ದ. ಎರಡನೇ ಲಿಫ್ಟು ಮೇಲಕ್ಕೆ ಹೊರಡುವಂತೆ ಬಾಣ ತೋರಿಸಿ, ಅದನ್ನು ಆರಿಸಿ, ಇನ್ನೊಂದಕ್ಕೆ ದಾರಿ ಬಿಟ್ಟುಕೊಟ್ಟಾಗ ಪಕ್ಕದಲ್ಲಿ ಯಾರಿದ್ದರೂ ಮೊಣಕೈಯಿಂದ ತಿವಿಯುತ್ತಿದ್ದ. “ನೋಡಿದ್ರಾ? ತಿರುಗಿಸ್ತು! ಅದನ್ನ ಯಾರೂ ಬೈಯಲ್ಲ. ಬೈಗುಳವೆಲ್ಲ ನನಗೆ.”

ಒಂದು ಎಡವಟ್ಟು ಮಾತ್ರ ಉಳಿದಿತ್ತು. ಜನಜಂಗುಳಿಯ ಹೊತ್ತಿನಲ್ಲಿ ಆಗಾಗ, ಯಾರೂ ಕಾಯದಿದ್ದರೂ ಎರಡನೇ ಮಹಡಿಯಲ್ಲಿ ಎರಡು ಲಿಫ್ಟು ಒಟ್ಟಿಗೆ ಬಂದು ಬಾಗಿಲು ತೆರೆಯುತ್ತಿದ್ದವು. ಅದೇ ಹೊತ್ತಿಗೆ ಐದನೇ ಮಹಡಿಯವರು ಎಷ್ಟು ಒತ್ತಿದರೂ ಯಾವುದೂ ಬರುತ್ತಿರಲಿಲ್ಲ. ಐದರಲ್ಲಿ ನಕ್ಷೆ ಬರೆಯುವವರ ಕಚೇರಿ. ಅವರೆಲ್ಲ ಸೇರಿ ತಮ್ಮ ಮಹಡಿಯನ್ನೇ ಬಿಟ್ಟು ಕಟ್ಟಡದ ಒಂದು ನಕ್ಷೆ ಬರೆದು, ಕೆಳಗೆ ಸಹಿ ಹಾಕಿ, ಮ್ಯಾನೇಜರ ಬಾಗಿಲಿಗೆ ಅಂಟಿಸಿದರು. ಇಂಜಿನಿಯರ್ ಹುಡುಗಿ ಮತ್ತೆ ಚಾವಣಿ ಹತ್ತಿದಳು. ಒಂಬತ್ತು ದಿನ ಹುಡುಕಿದಳು, ಸಿಗಲಿಲ್ಲ. ಹತ್ತನೇ ದಿನ ಅವಳು ಕಂಪನಿಗೆ ಬರೆದ ವರದಿಯ ಒಂದು ಪ್ರತಿಯನ್ನು ಆದ್ರಣ್ಣ ನೆನಪಿಗೆಂದು ಕೇಳಿ ಮನೆಗೆ ಒಯ್ದ. ತನ್ನ ಬಗ್ಗೆ ಎರಡು ಸಾಲಿದೆ ಅಂತ ಹೆಂಡತಿಗೆ ತೋರಿಸಬೇಕಿತ್ತು.

ಪ್ರೂಫಮ್ಮ ಆ ಎರಡು ಸಾಲಲ್ಲದೆ ನಲವತ್ತು ಪುಟವನ್ನೂ ಓದಿದಳು. ಮರುದಿನ ಪ್ರೆಸ್ಸಿಗೆ ರಜೆ ಹಾಕಿ, ಕೆಂಪು ಶಾಯಿಯ ಪೆನ್ನಿನೊಂದಿಗೆ ನಮ್ಮ ಕಟ್ಟಡಕ್ಕೆ ಬಂದಳು. ಮೋಟಾರು ಕೋಣೆಯವರೆಗೆ ನಾನೇ ಕರೆದುಕೊಂಡು ಹೋದೆ.

“ಹನ್ನೊಂದನೇ ಪುಟ ತೆಗೀಮ್ಮ,” ಅಂದಳು. “ಆ ಭಾನುವಾರ ಮೊದಲು ಮಾತು ಕೂಡಿದ್ದು ಹೇಗೆ ಅಂತ ಪಟ್ಟಿ ಹಾಕಿದ್ದೀಯ. ಒಂದನೇ ಲಿಫ್ಟು ಎರಡಕ್ಕೆ, ಸರಿ. ಎರಡನೇದು ಏಳಕ್ಕೆ, ಮೂರನೇದು ಒಂಬತ್ತಕ್ಕೆ, ಸರಿ. ನಾಲ್ಕನೇದೂ ಎರಡಕ್ಕೆ ಅಂತ ಬರೆದಿದ್ದೀಯ. ಈ ಅಕ್ಕಾವ್ರು ಆಗ ಅಂದಿದ್ದು ಐದು.”

“ಅದು ವರದೀಲಿ ಕೈತಪ್ಪು ಅಷ್ಟೇ...” ಅನ್ನುತ್ತಿದ್ದ ಹುಡುಗಿ ಬಾಯಿ ತೆರೆದದ್ದು ತೆರೆದ ಹಾಗೇ ನಿಂತಳು. ಆಮೇಲೆ ಲ್ಯಾಪ್‌ಟಾಪಿಗೆ ಬಿದ್ದಳು.

ಆಗಿದ್ದದ್ದು ಇಷ್ಟು. ಹೊಸ ಏರ್ಪಾಡನ್ನು ಪರೀಕ್ಷಿಸಲು ಅವಳು ಇದೇ ಪಟ್ಟಿಯನ್ನು ಲಿಫ್ಟುಗಳ ನೆನಪಿಗೆ ತುಂಬಿಸಿದ್ದಳು, ಮುಗಿದ ಮೇಲೆ ಅಳಿಸುವುದನ್ನು ಮರೆತಿದ್ದಳು. ಗದ್ದಲದ ಹೊತ್ತಿನಲ್ಲಿ ಮಾತು ಕೂಡದೆ ಹೋದಾಗ ಲಿಫ್ಟುಗಳು ನಿಯಮದಂತೆ ಹಿಂದಕ್ಕೆ ಹುಡುಕುತ್ತಿದ್ದವು. ಇನ್ನೆಲ್ಲೂ ಸಿಗದಿದ್ದರೆ ಕಟ್ಟಕಡೆಗೆ ನಮ್ಮ ಭಾನುವಾರಕ್ಕೆ ಬಂದು ನಿಲ್ಲುತ್ತಿದ್ದವು. ಒಂದನೆಯದು ಆದ್ರಣ್ಣನಾಗಿ ಎರಡಕ್ಕೆ ಹೋಗುತ್ತಿತ್ತು, ನಾಲ್ಕನೆಯದು ನಾನಾಗಿ ಅದೇ ಎರಡಕ್ಕೆ ಹೋಗುತ್ತಿತ್ತು. ಐದನೇ ಮಹಡಿಯ ನಕ್ಷೆಯವರು ಮೂರು ವಾರ ಬೈದದ್ದು ಒಂದು ಲೆಕ್ಕದಲ್ಲಿ ನನ್ನನ್ನೇ.

“ಪರೀಕ್ಷೆಗೆ ಅಂತ ಹಾಕಿದ್ದಲ್ವಾ, ಅದರ ಕಡೆ ತಿರುಗಿಯೂ ನೋಡಲಿಲ್ಲ,” ಅಂದಳು ಹುಡುಗಿ, ಅಳುವುದೋ ನಗುವುದೋ ತಿಳಿಯದೆ.

“ಎಲ್ಲರೂ ಹಾಗೇಮ್ಮ. ತಾನು ಬರೆದಿದ್ದರ ತಪ್ಪು ತನಗೆ ಕಾಣಲ್ಲ,” ಅಂದಳು ಪ್ರೂಫಮ್ಮ. ಉಳಿದ ಇಪ್ಪತ್ತಾರು ತಪ್ಪುಗಳನ್ನೂ ಒಂದೊಂದಾಗಿ ತೋರಿಸಿದಳು. ಅದರಲ್ಲಿ ಇಪ್ಪತ್ತೈದು ಅಲ್ಪವಿರಾಮಗಳು.

ಆದ್ರಣ್ಣ ಬಾಗಿಲಲ್ಲಿ ನಿಂತು ಇದನ್ನೆಲ್ಲ ಕೇಳುತ್ತಿದ್ದ. ಹೆಂಡತಿಯನ್ನು ಅವನು ಹಾಗೆ ನೋಡಿದ್ದನ್ನು ನಾನು ಅದುವರೆಗೆ ಕಂಡಿರಲಿಲ್ಲ. ಮೆಟ್ಟಿಲಿಳಿಯುವಾಗ ಅವಳ ಚೀಲವನ್ನು ತಾನೇ ಹಿಡಿದುಕೊಂಡ. “ನಾನು ಆಡಿದ್ದೆಲ್ಲ ಜಗಳ ತೆಗೆಯೋಕೆ ಅಂತ ನೆನಪಿಟ್ಕೊಂಡಿದ್ದೀಯ ಅಂದ್ಕೊಂಡಿದ್ದೆ,” ಅಂದ.

“ಜಗಳಕ್ಕೂ ಬೇಕಾಗುತ್ತೆ,” ಅಂದಳು ಅವಳು.

ಕಟ್ಟಡದ ವಾರ್ಷಿಕ ಸಭೆಯಲ್ಲಿ ಮ್ಯಾನೇಜರ್ ಸಾಹೇಬರು, ತಾವು ಖುದ್ದಾಗಿ ಕುರ್ಚಿಯಲ್ಲಿ ಕೂತು ಲಿಫ್ಟುಗಳನ್ನು ದಾರಿಗೆ ತಂದ ಕಥೆ ಹೇಳಿದರು. ಅವರ ಕಥೆಯಲ್ಲಿ ಏಳಕ್ಕೆ ಪಟ್ಟು ಹಿಡಿದವರು ಯಾರೂ ಇರಲಿಲ್ಲ. ಪ್ರೂಫಮ್ಮ ಆ ಸಭೆಯಲ್ಲಿ ಇರಲಿಲ್ಲ, ಅದು ಅವರ ಪುಣ್ಯ. ಇಂಜಿನಿಯರ್ ಹುಡುಗಿ ಈಗ ದೊಡ್ಡ ಹುದ್ದೆಗೇರಿದ್ದಾಳಂತೆ. ಏನು ಬರೆದರೂ ಹೊರಗೆ ಕಳಿಸುವ ಮುಂಚೆ ಪ್ರೂಫಮ್ಮನಿಗೊಂದು ಪ್ರತಿ ಬರುತ್ತದೆ.

ಆದ್ರಣ್ಣ ಮೂರು ವರ್ಷ ಮುಗಿಸಿ ನಿವೃತ್ತನಾದ. ಗಂಡ ಹೆಂಡತಿ ಊರಾಚೆ ಒಂದು ನೆಲಮಹಡಿಯ ಮನೆಗೆ ಹೋದರು. ಹೋದ ತಿಂಗಳು ನಾನು ನೋಡಲು ಹೋದಾಗ ಬಟ್ಟೆಯ ಬೀರು ನಡುಮನೆಯ ಮಧ್ಯದಲ್ಲಿ ನಿಂತಿತ್ತು. ಅದನ್ನು ಬಳಸಿಕೊಂಡೇ ಒಳಗೆ ಹೋಗಬೇಕಾಯಿತು. ಹನ್ನೆರಡು ದಿನದಿಂದ ಅದು ಅಲ್ಲೇ ಇತ್ತಂತೆ. ಕಿಟಕಿ ಪಕ್ಕಕ್ಕೋ ಮಲಗುವ ಕೋಣೆಗೋ ಅಂತ ಇತ್ಯರ್ಥವಾಗಿರಲಿಲ್ಲ.

“ಮೊದಲ್ನೇ ದಿನ ಏನಂದಿದ್ರಿ?” ಅಂತ ಪ್ರೂಫಮ್ಮ ಗಂಡನನ್ನು ಕೇಳಿದಳು, ನನ್ನ ಕೈಗೆ ಟೀ ಕೊಡುತ್ತಾ.

“ಕಿಟಕಿ ಪಕ್ಕ ಅಂದಿದ್ದೆ, ಅಲ್ವಾ?”

“ಹೌದು. ನಾನೂ ಸರಿ ಅಂದಿದ್ದೆ.”

ಇಬ್ಬರೂ ಬೀರುವಿನ ಹತ್ತಿರ ಹೋಗಿ ಕೈ ಹಚ್ಚಿದರು. ನಾನು ಟೀ ಲೋಟ ಕೆಳಗಿಟ್ಟು ಒಂದು ಮೂಲೆ ಹಿಡಿದೆ. ಸೀರೆಗಳನ್ನು ತೆಗೆದಿಡದೆ ತಳ್ಳಿದ್ದರಿಂದ ಭಾರಿ ತೂಕವಿತ್ತು. ಮೂವರೂ ಬೆವರಿ ಹೋದೆವು. ಗೋಡೆಗೆ ತಾಗುವಷ್ಟರಲ್ಲಿ ಆದ್ರಣ್ಣ ಕಾಲಿನ ಹೆಬ್ಬೆರಳು ಜಜ್ಜಿಕೊಂಡು ಕುಂಟುತ್ತಾ ಹೋಗಿ ಜಗಲಿಯಲ್ಲಿ ಕೂತ. ಪ್ರೂಫಮ್ಮ ಒಳಗಿಂದ ಔಷಧ ತಂದು, ಅವನ ಎದುರಿಗೆ ಕೂತು ಬೆರಳಿಗೆ ಹಚ್ಚಿದಳು.